ಎಂಟಾಣೆ ಮಣ್ಣು, ಎರಡಾಣೆ ನೀರು: ಪಂಚಭೂತಗಳೂ ನಮ್ಮ ಮೈಯೂ

ಹೆಸರಾಂತರು ಯಾರಾದರೂ ತೀರಿಕೊಂಡರೆ ಮರುದಿನದ ಪತ್ರಿಕೆಯ ತಲೆಬರಹ ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ: ‘ಪಂಚಭೂತಗಳಲ್ಲಿ ಲೀನ’. ಚಿತೆಗೇರಿದವರಿಗೂ ಅದೇ ಮಾತು, ಮಣ್ಣಾದವರಿಗೂ ಅದೇ ಮಾತು. ಓದಿ ಓದಿ ಸವೆದುಹೋದ ಈ ಎರಡು ಪದಗಳೊಳಗೆ ಒಂದು ದೊಡ್ಡ ವಾದವೇ ಅಡಗಿದೆ. ಅಲ್ಲಿ ಲೀನವಾಗಬೇಕಾದರೆ ಅಲ್ಲಿಂದಲೇ ಬಂದಿರಬೇಕು. ಹಾಗಾದರೆ ಓಡಾಡಿಕೊಂಡಿರುವ ಈ ಮೈಯಲ್ಲಿ ಮಣ್ಣು ಎಲ್ಲಿದೆ? ಬೆಂಕಿ ಎಲ್ಲಿದೆ? ಆಕಾಶಕ್ಕೆ ಜಾಗ ಎಲ್ಲಿದೆ?

ವಾಟ್ಸಾಪ್‌ನಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ದೇಹದಲ್ಲಿ ನೀರು ಶೇ 72, ಮಣ್ಣು ಶೇ 12, ಗಾಳಿ ಶೇ 6, ಬೆಂಕಿ ಶೇ 4, ಮಿಕ್ಕಿದ್ದು ಆಕಾಶ ಎಂಬ ಪಟ್ಟಿ ವರ್ಷಕ್ಕೆರಡು ಬಾರಿಯಾದರೂ ನನ್ನ ಫೋನಿಗೆ ಬಂದು ಬೀಳುತ್ತದೆ. ಬೆಂಕಿಯನ್ನು ಯಾವ ತಕ್ಕಡಿಯಲ್ಲಿ ತೂಗಿದರು, ಖಾಲಿ ಜಾಗವನ್ನು ಯಾವ ಸೇರಿನಲ್ಲಿ ಅಳೆದರು ಎಂದು ಕೇಳಿದರೆ ಗುಂಪೆಲ್ಲ ಮೌನ. ಹಳಬರಿಗೆ ಅಳತೆ ಗೊತ್ತಿರಲಿಲ್ಲ ಅಂತಲ್ಲ. ಆಯುರ್ವೇದದ ಹಳೆಯ ಗ್ರಂಥವಾದ ಚರಕಸಂಹಿತೆಯ ಶಾರೀರಸ್ಥಾನ ಎಂಬ ಭಾಗದಲ್ಲಿ ಮೈಯ ದ್ರವಗಳನ್ನು ಬೊಗಸೆಯಲ್ಲಿ ಅಳೆದು ಹೇಳಿದ್ದಾರೆ: ರಕ್ತ ಎಂಟು ಬೊಗಸೆ, ಕಫ ಆರು, ಪಿತ್ತ ಐದು, ಮೂತ್ರ ನಾಲ್ಕು. ಬೊಗಸೆ ಯಾರದ್ದೋ ಅಲ್ಲ, ಅವರವರದ್ದೇ. ಆದರೆ ಭೂತಗಳ ವಿಷಯಕ್ಕೆ ಬಂದಾಗ ಬೊಗಸೆ ಹಿಡಿದು ಅಳೆಯುವ ಗೋಜಿಗೆ ಹೋಗಲಿಲ್ಲ. ಅವು ಅಳತೆಗೆ ಸಿಗುವ ಜಾತಿಯ ಸಂಗತಿಗಳಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು.

ಗೊಂದಲ ಶುರುವಾಗುವುದೇ ಪದಗಳಿಂದ. ‘ಭೂತ’ ಅಂದ ಕೂಡಲೇ ಮಕ್ಕಳಿಗೆ ದೆವ್ವ ನೆನಪಾಗುತ್ತದೆ, ಕರಾವಳಿಯವರಿಗೆ ಕೋಲದ ದೈವ ನೆನಪಾಗುತ್ತದೆ. ಸಂಸ್ಕೃತದಲ್ಲಿ ಅದರ ಅರ್ಥ ಬರೀ ‘ಆದದ್ದು’. ವ್ಯಾಕರಣದ ಭೂತಕಾಲದಲ್ಲಿ ಇರುವುದೂ ಇದೇ ಪದ. ‘ಧಾತು’ವಿನದು ಇನ್ನೊಂದು ಕಥೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಆಮ್ಲಜನಕ, ಕಬ್ಬಿಣಗಳನ್ನು ಮೂಲಧಾತು ಅನ್ನುತ್ತೇವೆ. ಆಯುರ್ವೇದದಲ್ಲಿ ಧಾತು ಅಂದರೆ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು. ಒಂದೇ ಪದಕ್ಕೆ ಎರಡು ಸಂಸಾರ. ಪಂಚಭೂತಗಳನ್ನು ‘ಹಳೆ ಕಾಲದ ಆವರ್ತಕ ಕೋಷ್ಟಕ’ ಎಂದು ತಿಳಿದವರು ಈ ಅಡ್ಡದಾರಿಯಲ್ಲೇ ಹೋದವರು.

ಸರಿ ದಾರಿಗೆ ತೈತ್ತಿರೀಯ ಉಪನಿಷತ್ತಿನ ಒಂದು ಸಾಲು ಸಾಕು. ಆತ್ಮದಿಂದ ಆಕಾಶ, ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು, ನೀರಿನಿಂದ ಭೂಮಿ, ಭೂಮಿಯಿಂದ ಗಿಡಮೂಲಿಕೆ, ಅದರಿಂದ ಅನ್ನ, ಅನ್ನದಿಂದ ಮನುಷ್ಯ. ಸೂಕ್ಷ್ಮದಿಂದ ಸ್ಥೂಲಕ್ಕೆ ಇಳಿಯುವ ಮೆಟ್ಟಿಲು ಇದು. ಮುಂದೆ ಸಾಂಖ್ಯರೂ ವೇದಾಂತಿಗಳೂ ಒಂದೊಂದು ಮೆಟ್ಟಿಲಿಗೆ ಒಂದೊಂದು ಗುಣ ಕೂಡಿಸುತ್ತ ಹೋದರು. ಆಕಾಶಕ್ಕೆ ಶಬ್ದ ಮಾತ್ರ. ವಾಯುವನ್ನು ಕೇಳಬಹುದು, ಮುಟ್ಟಿಯೂ ತಿಳಿಯಬಹುದು. ಬೆಂಕಿಯನ್ನು ನೋಡಲೂಬಹುದು. ನೀರಿಗೆ ರುಚಿ ಸೇರಿತು. ಮಣ್ಣಿಗೆ ಗಂಧವೂ ಸೇರಿ ಐದೂ ಆಯಿತು. ಭೂತಗಳು ಐದೇ ಏಕೆ, ಏಳು ಏಕಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮಗಿರುವುದು ಐದು ಇಂದ್ರಿಯ, ಜಗತ್ತು ಒಳಗೆ ಬರುವುದು ಆ ಐದೇ ಬಾಗಿಲುಗಳಿಂದ. ಜಗತ್ತು ಯಾವುದರಿಂದ ಆಗಿದೆ ಅನ್ನುವುದಕ್ಕಿಂತ, ಜಗತ್ತು ನನಗೆ ಹೇಗೆ ತಿಳಿಯುತ್ತದೆ ಎಂಬ ಕಡೆಯಿಂದ ಹಾಕಿದ ಲೆಕ್ಕ ಪಂಚಭೂತ. ಅದಕ್ಕೇ ದೇಹವನ್ನು ಬಿಟ್ಟು ಅದನ್ನು ವಿವರಿಸಲು ಬರುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಾಲಿಗೆಯನ್ನು ಶುಭ್ರವಾದ ಬಟ್ಟೆಯಿಂದ ಚೆನ್ನಾಗಿ ಒರೆಸಿ ನಾಲ್ಕು ಕಾಳು ಸಕ್ಕರೆ ಇಟ್ಟುಕೊಳ್ಳಿ. ಸಿಹಿ ಗೊತ್ತಾಗುವುದಿಲ್ಲ, ಹರಳು ಮಾತ್ರ ಚುಚ್ಚುತ್ತದೆ. ಜೊಲ್ಲು ಊರಿ ಸಕ್ಕರೆ ಕರಗಿದ ಕ್ಷಣ ಸಿಹಿ ಬರುತ್ತದೆ. ನೀರಿಲ್ಲದೆ ರುಚಿಯಿಲ್ಲ. ರಸನೆಗೂ ಜಲಕ್ಕೂ ಗಂಟು ಹಾಕಿದವರು ಗಾಳಿಯಲ್ಲಿ ಗುಂಡು ಹೊಡೆದಿರಲಿಲ್ಲ. ಮಣ್ಣಿಗೆ ಗಂಧ ಎಂದದ್ದೂ ಅಷ್ಟೇ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ 1964ರಲ್ಲಿ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದರ ಒಂದು ಮುಖ್ಯ ಪಾಲು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್. ಮನುಷ್ಯನ ಮೂಗು ಅದನ್ನು ತೀರಾ ಅತ್ಯಲ್ಪ ಪ್ರಮಾಣದಲ್ಲೂ ಹಿಡಿದುಬಿಡುತ್ತದೆ.

ಆಕಾಶ ಮತ್ತು ಶಬ್ದದ ಜೋಡಿ ಮಾತ್ರ ಈ ಪರೀಕ್ಷೆಯಲ್ಲಿ ನಪಾಸು. ಕಿವಿ ಒಂದು ಪೊಳ್ಳು, ಗಂಟಲು ಒಂದು ಪೊಳ್ಳು, ಮೃದಂಗದ ಒಳಗೂ ಪೊಳ್ಳು. ಪೊಳ್ಳಿದ್ದಲ್ಲಿ ನಾದ ಎಂಬ ಅವರ ಗಮನಿಕೆ ಚೆನ್ನಾಗಿಯೇ ಇತ್ತು. ಆದರೆ 1660ರ ಹೊತ್ತಿಗೆ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆದು, ಗಾಳಿ ಕಡಿಮೆಯಾದಂತೆ ಸದ್ದೂ ಅಡಗುವುದನ್ನು ತೋರಿಸಿದ. ಸದ್ದು ಸಾಗಲು ಖಾಲಿ ಜಾಗ ಸಾಲದು, ಅಲುಗಾಡುವ ವಸ್ತು ಬೇಕು. ಶಾಸ್ತ್ರ ಸೋತ ಆ ಜೋಡಿ ನಮ್ಮ ಭಾಷೆಯಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ: 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಶುರುಮಾಡಿದ ಬಾನುಲಿಗೆ ಸಿಕ್ಕ ಹೆಸರು ‘ಆಕಾಶವಾಣಿ’.

ಚರಕ ಇನ್ನೂ ಹತ್ತಿರಕ್ಕೆ ಬರುತ್ತಾನೆ. ಭೂತಗಳನ್ನು ಮೈಯಲ್ಲಿ ಗುರುತು ಹಿಡಿಯುವುದು ಹೇಗೆ ಎಂಬುದಕ್ಕೆ ಐದು ಲಕ್ಷಣ ಕೊಡುತ್ತಾನೆ: ಮಣ್ಣಿನದು ಒರಟು, ನೀರಿನದು ಹರಿವು, ಗಾಳಿಯದು ಚಲನೆ, ಬೆಂಕಿಯದು ಬಿಸಿ, ಆಕಾಶದ್ದು ಅಡ್ಡಿಯಿಲ್ಲದಿರುವಿಕೆ. ಐದೂ ಮುಟ್ಟಿದರೆ ತಿಳಿಯುವಂಥವು. ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ಅದುಮಿ ಹಿಡಿಯಿರಿ. ಉಗುರು ಎದುರು ನಿಲ್ಲುತ್ತದೆ, ಅದರಡಿಯ ಕೆಂಪು ಸರಿದು ಬಿಳಿಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಹರಿದು ಬರುತ್ತದೆ, ಬೆಚ್ಚಗಿದೆ, ನಾಡಿ ಮಿಡಿಯುತ್ತಿದೆ. ಈ ಹೆಬ್ಬೆರಳಲ್ಲಿ ಮಣ್ಣು ಶೇಕಡಾ ಎಷ್ಟು ಎಂದು ಕೇಳುವುದು, ಹಾಡಿನಲ್ಲಿ ತಾಳ ಎಷ್ಟು ಗ್ರಾಂ ಎಂದು ಕೇಳಿದ ಹಾಗೆ.

ವಾಯು ಅಂದರೆ ಉಸಿರಾಡುವ ಗಾಳಿ ಎಂದುಕೊಂಡವರು ಕನ್ನಡದ ರೋಗಗಳ ಹೆಸರನ್ನೊಮ್ಮೆ ಗಮನಿಸಬೇಕು. ಮೈಯ ಒಂದು ಮಗ್ಗುಲು ಬಿದ್ದುಹೋದರೆ ಪಾರ್ಶ್ವವಾಯು. ಕೀಲು ಹಿಡಿದುಕೊಂಡರೆ ಸಂಧಿವಾತ. ಎರಡರಲ್ಲೂ ಗಾಳಿಯ ಮಾತೇ ಇಲ್ಲ, ಚಲನೆ ಕೆಟ್ಟಿದೆ ಅಷ್ಟೇ. ರೆಪ್ಪೆ ಬಡಿಯುವುದರಿಂದ ಮಲ ಹೊರಹಾಕುವವರೆಗೆ ಮೈಯಲ್ಲಿ ಏನೇ ಅಲುಗಿದರೂ ಅದು ವಾತದ ಖಾತೆಗೆ. ಇವತ್ತಿನ ಪುಸ್ತಕದಲ್ಲಿ ಅದರ ದೊಡ್ಡ ಪಾಲು ನರಮಂಡಲದ ಅಧ್ಯಾಯಕ್ಕೆ ಹೋಗಿದೆ.

ಐದೂ ಬೇರೆ ಬೇರೆ ಗುಣ ಅಂದಮೇಲೆ ನೀರಿಗೆ ವಾಸನೆ ಏಕೆ ಬರುತ್ತದೆ, ಮಣ್ಣು ಬಿಸಿಲಿಗೆ ಏಕೆ ಕಾಯುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ವೇದಾಂತಿಗಳು ಇದಕ್ಕೆ ಪಂಚೀಕರಣ ಎಂಬ ಲೆಕ್ಕ ಹಾಕಿದರು. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯ ಮೊದಲ ಪ್ರಕರಣದಲ್ಲೇ ಇದು ಬರುತ್ತದೆ. ಒಂದೊಂದು ಭೂತವನ್ನೂ ಎರಡು ಹೋಳು ಮಾಡು. ಒಂದು ಹೋಳು ಹಾಗೇ ಇರಲಿ. ಇನ್ನೊಂದನ್ನು ನಾಲ್ಕು ಮಾಡಿ ಉಳಿದ ನಾಲ್ಕಕ್ಕೂ ಹಂಚು. ನಮ್ಮ ಹಿರಿಯರ ರೂಪಾಯಿ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸಲೀಸು. ನಾವು ಕಾಣುವ ಮಣ್ಣಿನಲ್ಲಿ ಎಂಟಾಣೆ ಅಸಲಿ ಮಣ್ಣು. ನೀರು, ಬೆಂಕಿ, ಗಾಳಿ, ಆಕಾಶ ತಲಾ ಎರಡಾಣೆ. ಒಟ್ಟು ಹದಿನಾರಾಣೆ, ಒಂದು ರೂಪಾಯಿ. ಇದೂ ತಕ್ಕಡಿಯಲ್ಲಿ ತೂಗಿದ ಲೆಕ್ಕವಲ್ಲ, ತರ್ಕದ ಲೆಕ್ಕ. ಶುದ್ಧ ಮಣ್ಣು, ಶುದ್ಧ ನೀರು ಎಲ್ಲೂ ಸಿಗುವುದಿಲ್ಲ, ಸಿಗುವುದೆಲ್ಲ ಬೆರಕೆ. ಯಾವುದು ಎಂಟಾಣೆ ಇದೆಯೋ ಅದರ ಹೆಸರಿನಿಂದ ಕರೆಯುತ್ತೇವೆ ಎಂಬುದು ಇದರ ಸಾರ.

ಬೆರಕೆ ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಜಾಗ ಆಯುರ್ವೇದದ ಇನ್ನೊಂದು ಗ್ರಂಥವಾದ ಸುಶ್ರುತಸಂಹಿತೆಯಲ್ಲಿದೆ. ಗರ್ಭದಲ್ಲಿ ಮಗು ರೂಪ ತಳೆಯುವುದನ್ನು ಸುಶ್ರುತ ಐದು ಕ್ರಿಯಾಪದಗಳಲ್ಲಿ ಮುಗಿಸಿಬಿಡುತ್ತಾನೆ: ವಾಯು ವಿಂಗಡಿಸುತ್ತದೆ, ತೇಜಸ್ಸು ಬೇಯಿಸುತ್ತದೆ, ನೀರು ನೆನೆಸುತ್ತದೆ, ಪೃಥ್ವಿ ಗಟ್ಟಿಗೊಳಿಸುತ್ತದೆ, ಆಕಾಶ ಹಿಗ್ಗಿಸುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆ. ಉದ್ದನ್ನೂ ಅಕ್ಕಿಯನ್ನೂ ನೆನೆಹಾಕುತ್ತೇವೆ. ರುಬ್ಬಿ ಬೇಳೆಯ ಗುರುತೇ ಸಿಗದಂತೆ ಒಡೆಯುತ್ತೇವೆ. ರಾತ್ರಿ ಬೆಳಗಾಗುವುದರೊಳಗೆ ಹಿಟ್ಟು ಹುದುಗಿ ಪಾತ್ರೆಯ ಮುಚ್ಚಳ ಎತ್ತುತ್ತದೆ, ಸೌಟು ಹಾಕಿದರೆ ಒಳಗೆಲ್ಲ ತೂತು. ಹಬೆಯಲ್ಲಿ ಬೆಂದಮೇಲೆ ತಟ್ಟೆಯಿಂದ ಬಿಡಿಸಿದರೆ ಆಕಾರ ಬಿಡದ ಇಡ್ಲಿ. ನೀರು, ಗಾಳಿ, ಆಕಾಶ, ಬೆಂಕಿ, ಮಣ್ಣು. ಇದರಲ್ಲಿ ಆಕಾಶವನ್ನು ತೆಗೆದುಬಿಡಿ, ಅಂದರೆ ಹಿಟ್ಟು ಹುದುಗಲು ಬಿಡಬೇಡಿ. ಪದಾರ್ಥಗಳೆಲ್ಲ ಅವೇ ಇದ್ದರೂ ಬರುವುದು ಕಲ್ಲು. ಭೂತಗಳನ್ನು ನಾಮಪದದಂತೆ ಓದದೆ ಕ್ರಿಯಾಪದದಂತೆ ಓದಿದರೆ ಅರ್ಧ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಡುಗೆಮನೆಗೆ ಬಂದದ್ದಾಯಿತು, ವೈದ್ಯವೂ ಇಲ್ಲೇ ಇದೆ. ಐದು ಭೂತ, ಮೈಯನ್ನು ನಡೆಸುತ್ತವೆ ಎಂದು ಆಯುರ್ವೇದ ಹೇಳುವ ಮೂರು ದೋಷಗಳಾಗಿ ಮಡಿಚಿಕೊಳ್ಳುತ್ತವೆ. ವಾಯು, ಆಕಾಶ ಸೇರಿ ವಾತ; ಅಗ್ನಿ ಮುಂದಾಗಿ ಪಿತ್ತ; ನೀರು, ಮಣ್ಣು ಸೇರಿ ಕಫ. ರುಚಿಗಳೂ ಹೀಗೇ ಎರಡೆರಡು ಭೂತಗಳ ಜೋಡಿ. ಸಿಹಿ ಮಣ್ಣು–ನೀರು, ಖಾರ ಬೆಂಕಿ–ಗಾಳಿ, ಕಹಿ ಗಾಳಿ–ಆಕಾಶ, ಒಗರು ಗಾಳಿ–ಮಣ್ಣು. ಹುಳಿ, ಉಪ್ಪಿನ ವಿಷಯದಲ್ಲಿ ಮಾತ್ರ ಯಾವುದು ಮಣ್ಣು–ಬೆಂಕಿ, ಯಾವುದು ನೀರು–ಬೆಂಕಿ ಎಂದು ಗ್ರಂಥಗಳಲ್ಲೇ ಒಮ್ಮತವಿಲ್ಲ. ಇದರ ಮೇಲೆ ಚರಕನ ಒಂದು ಸರಳ ಸೂತ್ರ: ಸಮಾನವಾದದ್ದು ಹೆಚ್ಚಿಸುತ್ತದೆ, ವಿರುದ್ಧವಾದದ್ದು ಕುಗ್ಗಿಸುತ್ತದೆ. ನೆಗಡಿಯಾದವನಿಗೆ ರಾತ್ರಿ ಮೊಸರು ಬೇಡ ಎಂದು ಅಜ್ಜಿ ಬಟ್ಟಲು ಎತ್ತಿಡುವುದು, ಬದಲಿಗೆ ಮೆಣಸು–ಶುಂಠಿ ಕಷಾಯ ಕೊಡುವುದು ಈ ಸೂತ್ರವೇ. ನೀರು–ಮಣ್ಣು ಕಟ್ಟಿಕೊಂಡ ಕಡೆಗೆ ಬೆಂಕಿ–ಗಾಳಿ ಕಳಿಸುವ ಉಪಾಯ. ‘ಉಷ್ಣ ಆಗಿದೆ’, ‘ಪಿತ್ತ ನೆತ್ತಿಗೇರಿದೆ’, ‘ಕಫ ಕಟ್ಟಿದೆ’ ಎಂದು ದಿನಕ್ಕೆ ಹತ್ತು ಸಲ ಅನ್ನುವ ನಾವು ಯಾವ ಸಂಹಿತೆಯನ್ನೂ ಓದದೆ ಅದರ ಭಾಷೆ ಆಡುತ್ತಿದ್ದೇವೆ.

ಈ ಭಾಷೆಗೆ ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿರಬೇಕು. ಎದೆ ಹಿಡಿದುಕೊಂಡು ಬೆವರುತ್ತಿರುವವರಿಗೆ ‘ವಾಯು ಇರಬೇಕು, ಗ್ಯಾಸು’ ಎಂದು ಓಮದ ನೀರೋ ಸೋಡಾನೋ ಕೊಟ್ಟು ಕೂರಿಸುವ ಮನೆಗಳು ಈಗಲೂ ಇವೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಅಲ್ಲಿ ಬೇಕಾದದ್ದು ಇಸಿಜಿ, ಭೂತಗಳ ಚರ್ಚೆಯಲ್ಲ.

ಪ್ರಯೋಗ ಮಾಡಿ ನೋಡುವ ಬುದ್ಧಿ ಹಳಬರಲ್ಲಿ ಇರಲೇ ಇಲ್ಲ ಅನ್ನುವವರಿಗೆ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ ತೋರಿಸಬೇಕು. ಅಲ್ಲಿ ಭೂತಗಳು ಐದಲ್ಲ, ಮೂರೇ: ತೇಜಸ್ಸು, ನೀರು, ಅನ್ನ. ಉಂಡ ಅನ್ನದ ಸ್ಥೂಲ ಭಾಗ ಮಲ, ನಡುವಿನದು ಮಾಂಸ, ತೀರಾ ಸೂಕ್ಷ್ಮವಾದದ್ದು ಮನಸ್ಸು. ಕುಡಿದ ನೀರಿನಿಂದ ಮೂತ್ರ, ರಕ್ತ, ಪ್ರಾಣ ಎಂದು ಉದ್ದಾಲಕ ಮಗ ಶ್ವೇತಕೇತುವಿಗೆ ಹೇಳುತ್ತಾನೆ. ಮಗನಿಗೆ ಅರ್ಥವಾಗುವುದಿಲ್ಲ. ಆಗ ಅಪ್ಪ ಅನ್ನುತ್ತಾನೆ: ಹದಿನೈದು ದಿನ ಊಟ ಬಿಡು, ನೀರು ಮಾತ್ರ ಬೇಕಾದಷ್ಟು ಕುಡಿ, ನೀರು ಕುಡಿಯುವವನ ಪ್ರಾಣ ಹೋಗುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಮಗ ಬಂದು ಕೂರುತ್ತಾನೆ. ಋಕ್ಕು, ಯಜುಸ್ಸು, ಸಾಮ ಹೇಳು ಅಂದರೆ ಒಂದೂ ನೆನಪಾಗುವುದಿಲ್ಲ. ಉರಿದ ದೊಡ್ಡ ಬೆಂಕಿಯಲ್ಲಿ ಮಿಣುಕುಹುಳದಷ್ಟು ಕೆಂಡ ಉಳಿದರೆ ಅದು ಏನನ್ನು ತಾನೇ ಸುಟ್ಟೀತು, ನಿನ್ನ ಹದಿನಾರು ಕಲೆಗಳಲ್ಲಿ, ಅಂದರೆ ಪಾಲುಗಳಲ್ಲಿ, ಒಂದೇ ಉಳಿದಿದೆ, ಹೋಗಿ ಊಟ ಮಾಡು ಎನ್ನುತ್ತಾನೆ ಅಪ್ಪ. ಉಂಡು ಬಂದವನಿಗೆ ಕೇಳಿದ್ದೆಲ್ಲ ಬಾಯಿಗೆ ಬರುತ್ತದೆ. ಹುಲ್ಲು ಹಾಕಿದರೆ ಆ ಕೆಂಡವೂ ಹೊತ್ತಿಕೊಳ್ಳುತ್ತದಲ್ಲ, ಹಾಗೆ. ಮನಸ್ಸು ಅನ್ನದಿಂದಾದದ್ದು ಎಂಬ ಮಾತನ್ನು ಮಗನ ಹೊಟ್ಟೆಯ ಮೇಲೆಯೇ ರುಜುವಾತು ಮಾಡಿದ ಅಪ್ಪ. ನೀರಿದ್ದರೆ ಅನ್ನವಿಲ್ಲದೆ ವಾರಗಟ್ಟಲೆ ಬದುಕಬಹುದು, ನೀರಿಲ್ಲದೆ ಕೆಲವೇ ದಿನ ಎಂಬುದನ್ನು ಇವತ್ತಿನ ಶರೀರಶಾಸ್ತ್ರವೂ ಒಪ್ಪುತ್ತದೆ.

ಬೇರೆಡೆಯವರೂ ಸುಮ್ಮನಿರಲಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸಿಸಿಲಿಯ ಎಂಪೆಡೋಕ್ಲಿಸ್ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಬೇರುಗಳನ್ನು ಹೇಳಿದ. ಎಲುಬಿಗೆ ಅವನು ಕೊಟ್ಟ ಪಾಕ ಎಂಟು ಪಾಲಿನದು: ನಾಲ್ಕು ಬೆಂಕಿ, ಎರಡು ನೀರು, ಎರಡು ಮಣ್ಣು. ಗ್ರೀಕ್ ವೈದ್ಯರು ಇದನ್ನು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳಿಗೆ ಜೋಡಿಸಿದರು, ರೋಮಿನಲ್ಲಿದ್ದ ವೈದ್ಯ ಗೇಲೆನ್ ಅದನ್ನು ದೊಡ್ಡ ಶಾಸ್ತ್ರವಾಗಿಸಿದ, ಅರಬರ ಕೈದಾಟಿ ಅದು ಯುನಾನಿಯಾಗಿ ನಮ್ಮಲ್ಲಿಗೆ ಬಂತು. ಅದರ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಚೀನಾದವರ ಐದು ಬೇರೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮಲ್ಲಿಯೇ ಚಾರ್ವಾಕರು ಕಣ್ಣಿಗೆ ಕಾಣದ ಆಕಾಶವನ್ನು ಪಟ್ಟಿಯಿಂದ ಹೊಡೆದುಹಾಕಿ ನಾಲ್ಕಕ್ಕೆ ಇಳಿಸಿದರು. ಹುದುಗಿದ ಹಿಟ್ಟಿನಲ್ಲಿ ಅಮಲು ಹುಟ್ಟುವ ಹಾಗೆ ನಾಲ್ಕು ಕೂಡಿದಲ್ಲಿ ಅರಿವು ಹುಟ್ಟುತ್ತದೆ ಅಂದರು. ಬೌದ್ಧರದ್ದು ಇನ್ನೂ ನಿಷ್ಠುರ: ಕಟುಕ ಹಸುವನ್ನು ಕಡಿದು ನಾಲ್ಕುದಾರಿ ಕೂಡುವಲ್ಲಿ ಪಾಲು ಹಾಕಿಕೊಂಡು ಕೂತಂತೆ ನಿನ್ನ ಮೈಯನ್ನು ಭೂತಗಳಾಗಿ ಪಾಲು ಮಾಡಿ ನೋಡು. ಕೂದಲು, ಉಗುರು, ಹಲ್ಲು ಮಣ್ಣಿನ ಕಡೆಗೆ. ಕಣ್ಣೀರು, ಬೆವರು ನೀರಿನ ಕಡೆಗೆ. ನಮ್ಮ ಶರಣರು ಇದೇ ಪಟ್ಟಿಯನ್ನು ಪೂಜೆಗೆ ತಿರುಗಿಸಿಕೊಂಡರು. ಅವರ ಆರು ಮೆಟ್ಟಿಲಿನ ಸಾಧನೆಯ ದಾರಿಯಾದ ಷಟ್‌ಸ್ಥಲದಲ್ಲಿ ಮೂಗು, ಗಂಧ, ಪೃಥ್ವಿ ಸೇರುವಲ್ಲಿ ಆಚಾರಲಿಂಗ. ನಾಲಿಗೆ, ರುಚಿ, ನೀರು ಸೇರುವಲ್ಲಿ ಗುರುಲಿಂಗ. ಹೀಗೆ ಇಂದ್ರಿಯಕ್ಕೊಂದು ಲಿಂಗ. ಮೂಸಿದ್ದು, ಸವಿದದ್ದು ಎಲ್ಲವೂ ಅರ್ಪಿತ.

ಹಳೆಯ ಪಟ್ಟಿಗಳಿಗೆ ತೆರೆ ಬಿದ್ದದ್ದು ಪ್ಯಾರಿಸ್ಸಿನಲ್ಲಿ. 1783ರಲ್ಲಿ ಆಂಟೊನಿ ಲವಾಸಿಯೆ ನೀರು ಮೂಲವಸ್ತುವಲ್ಲ, ಎರಡು ಅನಿಲಗಳ ಕೂಟ ಎಂದು ತೋರಿಸಿದ. 1789ರಲ್ಲಿ 33 ಮೂಲವಸ್ತುಗಳ ಪಟ್ಟಿ ಪ್ರಕಟಿಸಿದ. ತಮಾಷೆ ಏನೆಂದರೆ ಅದರಲ್ಲಿ ಬೆಳಕಿಗೂ ಶಾಖಕ್ಕೂ ಸ್ಥಾನವಿತ್ತು. ಬೆಂಕಿ ಅಷ್ಟು ಸುಲಭಕ್ಕೆ ಪಟ್ಟಿ ಬಿಟ್ಟು ಹೋಗಲಿಲ್ಲ. ಅದಕ್ಕೂ ಮೊದಲು ಅವನೂ ಲಪ್ಲಾಸನೂ ಸೇರಿ ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿ ಕೂರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ಅಳೆದಿದ್ದರು. ಅದು ಹೊರಬಿಟ್ಟ ಇಂಗಾಲಾಮ್ಲವನ್ನೂ (ಕಾರ್ಬನ್ ಡೈಆಕ್ಸೈಡ್) ಇದ್ದಿಲು ಉರಿದಾಗ ಬರುವ ಇಂಗಾಲಾಮ್ಲವನ್ನೂ ಹೋಲಿಸಿ, ಉಸಿರಾಟವೆಂದರೆ ನಿಧಾನವಾದ ಉರಿಯುವಿಕೆ ಎಂಬ ತೀರ್ಮಾನಕ್ಕೆ ಬಂದರು. ಜಠರಾಗ್ನಿ ಎಂದು ನಾವು ಹೊಟ್ಟೆಯಲ್ಲಿ ಇಟ್ಟಿದ್ದ ಒಲೆ ನಿಜಕ್ಕೂ ಜೀವಕೋಶ ಜೀವಕೋಶದಲ್ಲೂ ಇದೆ, ಹೊಗೆಯಿಲ್ಲದೆ 37 ಡಿಗ್ರಿಯಲ್ಲಿ ಉರಿಯುತ್ತದೆ. ದಿನಕ್ಕೆ 2,000 ಕಿಲೊಕ್ಯಾಲೊರಿ ಉಣ್ಣುವ ಒಬ್ಬೊಬ್ಬರೂ ಸುಮಾರು 100 ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತಿರುತ್ತಾರೆ. ಮುಹೂರ್ತದ ಹೊತ್ತಿಗೆ 500 ಜನ ತುಂಬಿದ ಕಲ್ಯಾಣಮಂಟಪ ಅಂದರೆ 50 ಕಿಲೊವ್ಯಾಟಿನ ಒಲೆ. ಸೆಕೆಗೆ ರೇಷ್ಮೆ ಸೀರೆಯನ್ನಷ್ಟೇ ಬೈದು ಪ್ರಯೋಜನವಿಲ್ಲ.

ತೂಕದ ಲೆಕ್ಕವೇ ಬೇಕು ಅನ್ನುವವರಿಗೆ ಅದೂ ಇದೆ, ಆದರೆ ಹೆಸರು ಬೇರೆ. ಮೈತೂಕದ ಶೇ 65ರಷ್ಟು ಆಮ್ಲಜನಕ, 18 ಇಂಗಾಲ, 10 ಜಲಜನಕ, 3 ಸಾರಜನಕ, ಒಂದೂವರೆ ಕ್ಯಾಲ್ಸಿಯಂ, ಒಂದು ರಂಜಕ. ನೀರಿನ ಪಾಲು ವಯಸ್ಕ ಗಂಡಸಿನಲ್ಲಿ ಶೇ 60ರ ಆಸುಪಾಸು, ಆಗತಾನೇ ಹುಟ್ಟಿದ ಕೂಸಿನಲ್ಲಿ 75ರಷ್ಟು. ಈ ಪಟ್ಟಿ ಔಷಧ ತಯಾರಿಸಲು ಬೇಕು. ಬಿಸಿ, ಒರಟು, ಹರಿವು ಅದರಲ್ಲಿ ಎಲ್ಲೂ ಇಲ್ಲ. ಜ್ವರ ಬಂದವನ ಹಣೆ ಮುಟ್ಟಿದ ಕೈಗೆ ಮೊದಲು ಸಿಗುವುದು ಆ ಇನ್ನೊಂದು ಪಟ್ಟಿ.

ಪತ್ರಿಕೆಯ ತಲೆಬರಹಕ್ಕೆ ಮರಳಿದರೆ, ಸಂಸ್ಕೃತದಲ್ಲಿ ಸಾವಿಗೆ ‘ಪಂಚತ್ವ’ ಎಂಬ ಪದವೇ ಇದೆ. ಅದಕ್ಕೆ ಚರಕ ಕೊಡುವ ಕಾರಣ ಲೀನವಾಗುವುದಲ್ಲ. ಅವನ ಲೆಕ್ಕದಲ್ಲಿ ಮನುಷ್ಯನಿಗೆ ಆರು ಧಾತು (ರಸ, ರಕ್ತ ಮೊದಲಾದ ಆ ಏಳಲ್ಲ, ಇಲ್ಲಿ ಧಾತು ಅಂದರೆ ಮೂಲ ಅಂಶ): ಐದು ಭೂತ, ಆರನೆಯದು ಚೇತನ. ಆರನೆಯದು ಹೊರಟುಹೋದ ಮೇಲೆ ಉಳಿದದ್ದು ಐದೇ ಆದ್ದರಿಂದ ‘ಐದಾಯಿತು’ ಅನ್ನುತ್ತಾರೆ. ಅಂದರೆ ಸುಡುವುದಕ್ಕೂ ಹೂಳುವುದಕ್ಕೂ ಮೊದಲೇ, ಹಾಸಿಗೆಯ ಮೇಲಿರುವಾಗಲೇ ಪಂಚತ್ವ ಆಗಿಹೋಗಿರುತ್ತದೆ. ಆಮೇಲಿನದು ಸಾಗಾಣಿಕೆ. 60 ಕೆಜಿಯ ಮೈ ಚಿತೆಗೇರಿದರೆ 30 ಲೀಟರಿಗೂ ಮೀರಿ ನೀರು ಹಬೆಯಾಗಿ ಹೋಗುತ್ತದೆ, ಹತ್ತು ಕೆಜಿಗೂ ಹೆಚ್ಚಿನ ಇಂಗಾಲದಲ್ಲಿ ಬಹುಪಾಲು ಗಾಳಿ ಸೇರುತ್ತದೆ. ಉಳಿಯುವುದು ಎರಡು ಕೆಜಿಯ ಆಸುಪಾಸಿನ ಬೂದಿ, ಎಲುಬಿನ ಚೂರು; ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಫಾಸ್ಫೇಟ್. ಮಡಕೆಯಲ್ಲಿ ಕಟ್ಟಿ ತಂದ ಅಷ್ಟನ್ನು ನಮ್ಮ ಕಡೆಯವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುತ್ತಾರೆ. ಕ್ಯಾಲ್ಸಿಯಂ ಫಾಸ್ಫೇಟ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬೂದಿ ಕಾವೇರಿಯ ಸೆಳವಿಗೆ ಸಿಕ್ಕಿ ತೇಲಿ ಹೋಗುತ್ತದೆ. ಚೂರುಗಳು ತಳಕ್ಕಿಳಿದು ಮರಳಿನ ಜೊತೆ ಕೂರುತ್ತವೆ.